ಕರಿಯ ಕಂಬಳಿ

ಮಳೆಗಾಲದಲ್ಲಿ ಜತ್ತ ತಾಲೂಕಿನ ಬಯಲಿನಲ್ಲಿ ಕುರಿ ಕಾಯುವವರನ್ನು ನೀವು ನೋಡಿರಬಹುದು. ಮಳೆ ಬಂದರೆ ಅವರು ಕಂಬಳಿಯ ಒಂದು ತುದಿಯನ್ನು ಮಡಚಿ, ಮೂಲೆ ಮಾಡಿ ತಲೆಯ ಮೇಲಿಂದ ಬೆನ್ನಿಗೆ ಇಳಿಬಿಡುತ್ತಾರೆ. ಇದಕ್ಕೆ ಕೊಪ್ಪೆ ಎನ್ನುತ್ತಾರೆ. ಕೊಪ್ಪೆಯೇ ಅವರ ಟೋಪಿ, ಕೊಪ್ಪೆಯೇ ಅವರ ಕೊಡೆ. ರಾತ್ರಿ ಅದೇ ಕಂಬಳಿ ಹಾಸಿಗೆಯಾಗುತ್ತದೆ. ಮರಾಠಿಯಲ್ಲಿ ಇದನ್ನು ಘೋಂಗಡಿ ಎಂದು ಕರೆಯುತ್ತಾರೆ.

ಈಗ ಸಾಂಗಲಿ, ಮಿರಜ ಪೇಟೆಗಳಲ್ಲಿ ಬಣ್ಣಬಣ್ಣದ ಬ್ಲ್ಯಾಂಕೆಟ್‌ಗಳು ಸಿಗುತ್ತವೆ. ಅವು ಹಗುರ, ಮೆತ್ತಗೆ, ಬೆಲೆಯೂ ಕಡಿಮೆ. ಕರಿಯ ಕಂಬಳಿಯೋ ಭಾರ. ಮೈಗೆ ಚುಚ್ಚುತ್ತದೆ, ನೆನೆದರೆ ಕುರಿಯ ವಾಸನೆ ಬರುತ್ತದೆ. ಆದರೂ ಕುರಿಗಾರರು ಅದನ್ನು ಬಿಟ್ಟಿಲ್ಲ. ಏಕೆ?

ಉಣ್ಣೆಯ ಎಳೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಅದರ ಮೇಲೆ ಮನೆಯ ಹಂಚುಗಳಂತೆ ಒಂದರ ಮೇಲೊಂದು ಸಣ್ಣ ಪದರುಗಳಿರುತ್ತವೆ. ಉಣ್ಣೆ ನೆನೆದು ತಿಕ್ಕಾಡಿದಾಗ ಒಂದು ಎಳೆಯ ಪದರುಗಳು ಇನ್ನೊಂದರಲ್ಲಿ ಸಿಕ್ಕಿಕೊಳ್ಳುತ್ತವೆ. ಮತ್ತೆ ಬಿಡಿಸಲು ಬರುವುದಿಲ್ಲ. ಆದುದರಿಂದ ಕಂಬಳಿ ಬಳಸಿದಷ್ಟೂ ಬಿಗಿಯಾಗುತ್ತದೆ. ಮಂಗೋಲಿಯಾದ ಕುರಿಗಾರರು ಉಣ್ಣೆಯನ್ನು ನೇಯುವುದೇ ಇಲ್ಲ. ಅದನ್ನು ನೆನೆಸಿ, ಸುತ್ತಿ, ಉರುಳಿಸಿ ದಪ್ಪ ಹಾಳೆ ಮಾಡಿ ತಮ್ಮ ದುಂಡು ಗುಡಾರಗಳಿಗೆ ಹೊದಿಸುತ್ತಾರೆ. ಈ ಹಾಳೆಗೆ ಫೆಲ್ಟ್ ಎಂದು ಹೆಸರು. ಯುರೋಪಿನ ಹಳೆಯ ಫೆಲ್ಟ್ ಟೋಪಿಗಳೂ ಇದೇ ರೀತಿಯವು. ಅವುಗಳಲ್ಲಿ ಒಳ್ಳೆಯವನ್ನು ಬೀವರ್ ಎಂಬ ಪ್ರಾಣಿಯ ನವಿರು ಕೂದಲಿನಿಂದ ಮಾಡುತ್ತಿದ್ದರು.

ನಮ್ಮ ಕಂಬಳಿಗೆ ದಖ್ಖನಿ ಕುರಿಯ ಉಣ್ಣೆ ಬೇಕು. ಈ ಕುರಿಯ ಉಣ್ಣೆ ಒರಟು, ಬಣ್ಣ ಹೆಚ್ಚಾಗಿ ಕಪ್ಪು. ಒಂದು ಕುರಿಯಿಂದ ವರ್ಷಕ್ಕೆ ಸಿಗುವುದು ಸುಮಾರು ಅರ್ಧ ಕಿಲೋ ಮಾತ್ರ. ಹೀಗಾಗಿ ಒಂದು ಕಂಬಳಿಗೆ ಹಲವು ಕುರಿಗಳ ಉಣ್ಣೆ ಕೂಡಬೇಕು. ಉಣ್ಣೆಯನ್ನು ಹಿಂಜಿ, ನೂಲು ತೆಗೆದು, ನೂಲಿಗೆ ಹುಣಸೆ ಬೀಜದ ಗಂಜಿ ಹಚ್ಚಿ ಕುಣಿ ಮಗ್ಗದಲ್ಲಿ ನೇಯುತ್ತಾರೆ. ಗಂಜಿಯಿಂದ ನೂಲು ಗಟ್ಟಿಯಾಗುತ್ತದೆ. ಉಣ್ಣೆಯಲ್ಲಿ ಸ್ವಲ್ಪ ಜಿಡ್ಡೂ ಇರುವುದರಿಂದ ಮಳೆಯ ಹನಿ ಕೂಡಲೇ ಒಳಗೆ ಇಳಿಯದೆ ಜಾರಿಹೋಗುತ್ತದೆ. ಒಲೆಯ ಕಿಡಿ ಬಿದ್ದರೆ ಉಣ್ಣೆ ಕಮರಿ ಆರಿಹೋಗುತ್ತದೆ.

ಹೊಸ ಬ್ಲ್ಯಾಂಕೆಟ್‌ಗಳು ಹೆಚ್ಚಾಗಿ ಅಕ್ರಿಲಿಕ್ ಅಥವಾ ಪಾಲಿಯೆಸ್ಟರ್‌ನವು. ಇವುಗಳ ಮೂಲ ಖನಿಜ ಎಣ್ಣೆ. ಇವು ಕೊಳೆಯುವುದಿಲ್ಲ, ನುಸಿಯೂ ತಿನ್ನುವುದಿಲ್ಲ. ಈ ಗುಣವನ್ನು ಒಪ್ಪಲೇಬೇಕು; ಕಂಬಳಿಯನ್ನು ಬೇವಿನ ಎಲೆ ಹಾಕಿ ಇಡದಿದ್ದರೆ ನುಸಿ ತೂತು ಮಾಡಿಬಿಡುತ್ತದೆ. ಆದರೆ ಬ್ಲ್ಯಾಂಕೆಟ್‌ನ ಮೆತ್ತನೆಯ ಎಳೆಗಳು ಒಗೆದಂತೆ ಗಂಟುಗಂಟಾಗಿ ಉದುರುತ್ತವೆ. ಕಿಡಿ ಬಿದ್ದರೆ ಕರಗುತ್ತದೆ. ಹರಿಯಾಣದ ಪಾಣಿಪತ್ತಿನಲ್ಲಿ ಹಳೆಯ ಉಣ್ಣೆ ಬಟ್ಟೆಗಳನ್ನು ಹರಿದು ಮತ್ತೆ ನೂಲು ತೆಗೆದು ಕಂಬಳಿ ಮಾಡುವುದೂ ಉಂಟು. ಹರಿಯುವಾಗ ಎಳೆಗಳು ತುಂಡಾಗುತ್ತವೆ. ಗಿಡ್ಡ ಎಳೆಯ ನೂಲಿಗೆ ಬಲ ಕಡಿಮೆ. ಮನೆಯೊಳಗೆ ಹೊದೆಯಲು ಇವು ಸಾಕು. ಬಯಲಿನಲ್ಲಿ, ಮುಳ್ಳುಕಂಟಿಯ ನಡುವೆ, ವರ್ಷಗಟ್ಟಲೆ ಬಾಳಬೇಕಾದರೆ ಕರಿಯ ಕಂಬಳಿಯೇ ಮೇಲು.

ಆದರೆ ಕಂಬಳಿಗೆ ಬೇಕಾದ ಉಣ್ಣೆಯೇ ಕಡಿಮೆಯಾಗುತ್ತಿದೆ. ಜತ್ತ ತಾಲೂಕಿನ ಮಾಡಗ್ಯಾಳ ಊರಿನ ಹೆಸರಿನ ಕುರಿ ತಳಿಯನ್ನು ನೀವು ಬಲ್ಲಿರಿ. ಎತ್ತರದ ಮೈ, ಗಿಳಿಯ ಕೊಕ್ಕಿನಂತೆ ಬಾಗಿದ ಮೂಗು, ಬಿಳಿಯ ಮೈಮೇಲೆ ಕಂದು ಮಚ್ಚೆ. ಅದು ಬೇಗ ಬೆಳೆಯುತ್ತದೆ, ಮಾಂಸಕ್ಕಾಗಿ ಒಳ್ಳೆಯ ಬೆಲೆ ಬರುತ್ತದೆ. ಆದರೆ ಅದರ ಮೈಮೇಲೆ ಕಂಬಳಿಗೆ ಸಾಕಾಗುವಷ್ಟು ಉಣ್ಣೆ ಇಲ್ಲ. ಕರಿಯ ಉಣ್ಣೆ ಮಾರಿದರೆ ಕತ್ತರಿಸಿದ ಕೂಲಿಯೂ ಹುಟ್ಟುವುದು ಕಷ್ಟ. ಕುರಿಗಾರನೂ ಸಂಸಾರ ನಡೆಸಬೇಕಲ್ಲವೇ? ಆದುದರಿಂದ ಹಲವರು ಕರಿಯ ಕುರಿ ಬಿಟ್ಟು ಇಂಥ ಕುರಿಗಳನ್ನು ಸಾಕುತ್ತಿದ್ದಾರೆ. ಉಣ್ಣೆ ಬರದಿದ್ದರೆ ಮಗ್ಗ ನಿಲ್ಲುತ್ತದೆ.

ಅಭ್ಯಾಸ

೧. ಕಂಬಳಿ ಬಳಸಿದಷ್ಟೂ ಬಿಗಿಯಾಗುವುದೇಕೆ?
೨. ಹೊಸ ಬ್ಲ್ಯಾಂಕೆಟ್‌ನಲ್ಲಿರುವ ಯಾವ ಗುಣ ಕಂಬಳಿಯಲ್ಲಿ ಇಲ್ಲ?
೩. ಕುರಿಗಾರರು ಕರಿಯ ಕುರಿಯನ್ನು ಬಿಡುತ್ತಿರುವುದು ಸರಿಯೇ? ನಿಮಗೆ ಅನಿಸಿದ್ದನ್ನು ಬರೆಯಿರಿ.

ಉಪಕ್ರಮ: ಕಂಬಳಿಯ ಮೇಲೆ ಮತ್ತು ಬ್ಲ್ಯಾಂಕೆಟ್‌ನ ಮೇಲೆ ಒಂದೊಂದು ಚಮಚ ನೀರು ಹಾಕಿ. ಏನಾಗುತ್ತದೆ ನೋಡಿ. ಮನೆಯಲ್ಲಿ ಹಳೆಯ ಕಂಬಳಿ ಇದ್ದರೆ ಅದು ಯಾರದು, ಎಷ್ಟು ವರ್ಷದ್ದು ಎಂದು ಅಜ್ಜ-ಅಜ್ಜಿಯರನ್ನು ಕೇಳಿ ಬರೆದುಕೊಳ್ಳಿರಿ.