ಬಾಣಂತಿಯ ಕೋಣೆ ಮತ್ತು ತೇವದ ಗೋಡೆ

ಹೆರಿಗೆಯ ದಿನಗಳು ಸಮೀಪಿಸಿದಾಗ ಬಾಣಂತಿಯ ಕೋಣೆಗೆ ಸುಣ್ಣ ಬಳಿಸುವುದು ನಮ್ಮಲ್ಲಿ ಬಹುಕಾಲದಿಂದ ನಡೆದುಬಂದಿರುವ ಪದ್ಧತಿ. ಪದ್ಧತಿ ಒಳ್ಳೆಯದೇ. ಆದರೆ ಮಲೆನಾಡು ಹಾಗೂ ಕರಾವಳಿಯ ಎಷ್ಟೋ ಮನೆಗಳಲ್ಲಿ ಮಳೆಗಾಲ ಕಳೆಯುತ್ತಿದ್ದಂತೆಯೇ, ಗೋಡೆ ಇನ್ನೂ ಹಸಿಯಾಗಿರುವಾಗಲೇ ಈ ಕೆಲಸ ಮುಗಿದುಹೋಗುತ್ತದೆ. ಬಿಳುಪಿನ ಅಡಿಯಲ್ಲಿ ತೇವ ಹಾಗೆಯೇ ಉಳಿದು, ಕೆಲವು ವಾರಗಳಲ್ಲಿ ಬೂಸಲು ಮತ್ತೆ ತಲೆದೋರುತ್ತದೆ. ಅಷ್ಟರಲ್ಲಿ ಅದೇ ಗೋಡೆಯ ಪಕ್ಕದಲ್ಲಿ ತೊಟ್ಟಿಲು ಕಟ್ಟಿರುತ್ತದೆ.

ತೇವ ಮತ್ತು ಬೂಸಲು ಇರುವ ಮನೆಗಳಲ್ಲಿ ವಾಸಿಸುವವರಿಗೆ ಕೆಮ್ಮು, ಶ್ವಾಸಾಂಗಗಳ ಸೋಂಕು ಮತ್ತು ಉಬ್ಬಸದ ಉಲ್ಬಣ ಹೆಚ್ಚೆಂದು ವಿಶ್ವ ಆರೋಗ್ಯ ಸಂಸ್ಥೆಯು 2009ರಲ್ಲಿ ಪ್ರಕಟಿಸಿದ ಮಾರ್ಗಸೂಚಿ ತಿಳಿಸುತ್ತದೆ. ಹಸುಗೂಸು ಹಗಲಿರುಳೂ ಆ ಗಾಳಿಯನ್ನೇ ಸೇವಿಸಬೇಕಾಗುತ್ತದೆ.

ಆದ್ದರಿಂದ ಕುಂಚ ಹಿಡಿಯುವ ಮೊದಲು ನೀರು ಎಲ್ಲಿಂದ ಬರುತ್ತಿದೆ ಎಂಬುದನ್ನು ಕಂಡುಕೊಳ್ಳಿರಿ. ನೆಲದಿಂದ ಮೂರು ನಾಲ್ಕು ಅಡಿಯವರೆಗೆ ಮಾತ್ರ ಕಲೆಯಿದ್ದು, ಅದರ ಅಂಚಿನಲ್ಲಿ ಉಪ್ಪಿನಂತಹ ಬಿಳಿಯ ಪುಡಿ ಉದುರುತ್ತಿದ್ದರೆ ನೀರು ತಳಪಾಯದಿಂದ ಮೇಲೇರುತ್ತಿದೆ ಎಂದು ತಿಳಿಯಬೇಕು. ದೀಪದ ಬತ್ತಿ ಎಣ್ಣೆಯನ್ನು ಹೀರುವಂತೆಯೇ ಇಟ್ಟಿಗೆಯೂ ಜಂಬಿಟ್ಟಿಗೆಯೂ ನೆಲದ ನೀರನ್ನು ಹೀರುತ್ತವೆ. ಹೊರಗೋಡೆಗೆ ಒತ್ತಿಕೊಂಡು ಮಣ್ಣಿನ ರಾಶಿಯೋ ಹೂಗಿಡಗಳ ಪಾತಿಯೋ ಇದ್ದರೆ ಅದನ್ನು ತೆಗೆಸಿ, ನೀರು ದೂರ ಹರಿದುಹೋಗುವಂತೆ ಮಾಡಿರಿ. ಕಲೆ ಮೇಲ್ಭಾಗದಲ್ಲಿದ್ದರೆ ಒಡೆದ ಹೆಂಚನ್ನು ಹುಡುಕಬೇಕು. ಗೋಡೆಯ ಆಚೆಗೆ ಬಚ್ಚಲಿದ್ದರೆ ಅದನ್ನೇ ಮೊದಲು ಶಂಕಿಸಬೇಕು.

ಎಷ್ಟೋ ಸಲ ತೇವಕ್ಕೆ ಕೋಣೆಯೊಳಗಿನ ಹಬೆಯೇ ಕಾರಣ. ಶೀತವಾದೀತೆಂಬ ಭಯದಿಂದ ಕಿಟಕಿ ಮುಚ್ಚಿ, ಮಗುವಿನ ಒದ್ದೆ ಬಟ್ಟೆಗಳನ್ನು ಒಳಗೇ ಹಗ್ಗದ ಮೇಲೆ ಹರವಿದರೆ ಆ ನೀರೆಲ್ಲ ತಣ್ಣನೆಯ ಗೋಡೆಯ ಮೇಲೆ ಕೂರುತ್ತದೆ. ಇದನ್ನು ಪರೀಕ್ಷಿಸುವುದು ಸುಲಭ. ಒಂದು ಮೊಳದಷ್ಟು ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚುಗಳನ್ನು ಗೋಡೆಗೆ ಅಂಟಿಸಿ ಒಂದು ಹಗಲು, ಒಂದು ರಾತ್ರಿ ಬಿಡಿರಿ. ಹಾಳೆಯ ಹಿಂಬದಿಯಲ್ಲಿ ಹನಿಗಳಿದ್ದರೆ ತೇವ ಗೋಡೆಯದು. ಮುಂಬದಿಯಲ್ಲಿದ್ದರೆ ಕೋಣೆಯ ಗಾಳಿಯದು.

ಕಾರಣವನ್ನು ನಿವಾರಿಸಿದ ಮೇಲೆ ಕಾಯುವುದೇ ದೊಡ್ಡ ಕೆಲಸ. ನೆನೆದ ಗೋಡೆ ಒಂದು ಅಂಗುಲ ದಪ್ಪಕ್ಕೆ ಸುಮಾರು ಒಂದು ತಿಂಗಳಂತೆ ಒಣಗುತ್ತದೆಂಬುದು ಕಟ್ಟಡ ಕೆಲಸದಲ್ಲಿ ಬಳಕೆಯಲ್ಲಿರುವ ಅಂದಾಜು. ಹೆರಿಗೆಗೆ ಅಷ್ಟು ಕಾಲವಿಲ್ಲದಿದ್ದರೆ ಬಾಣಂತಿಯ ಹಾಸಿಗೆಯನ್ನೇ ಒಣಗಿದ ಕೋಣೆಗೆ ಸಾಗಿಸುವುದು ಮೇಲು. ಅದು ನಡುಮನೆಯಾದರೂ ಸಂಕೋಚ ಬೇಡ. ಬೇಗ ಒಣಗಲೆಂದು ಮುಚ್ಚಿದ ಕೋಣೆಯಲ್ಲಿ ಇದ್ದಿಲಿನ ಅಗ್ಗಿಷ್ಟಿಕೆಯನ್ನು ಎಂದಿಗೂ ಇಡಬಾರದು. ಅದರಿಂದ ಹೊರಡುವ ಕಾರ್ಬನ್ ಮಾನಾಕ್ಸೈಡ್ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರು ಏಳದೆಯೇ ಹೋಗಬಹುದು.

ಬೂಸಲನ್ನು ಒಣಗಿದಂತೆಯೇ ಕೆರೆದರೆ ಅದರ ಕಣಗಳು ಮನೆಯೆಲ್ಲ ಹರಡುತ್ತವೆ. ಸಾಬೂನಿನ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಎಸೆದುಬಿಡಿರಿ. ಗೋಡೆಗೆ ಹಳೆಯ ಎಣ್ಣೆಬಣ್ಣವಿದ್ದರೆ ಇನ್ನಷ್ಟು ಎಚ್ಚರ ಅಗತ್ಯ. ಮನೆಬಳಕೆಯ ಬಣ್ಣಗಳಲ್ಲಿ ಸೀಸವು ದಶಲಕ್ಷಕ್ಕೆ 90 ಭಾಗವನ್ನು ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನ ಬಣ್ಣದ ಧೂಳಿನಲ್ಲಿ ಸೀಸವಿರಬಹುದು. ಅದು ಗರ್ಭದಲ್ಲಿರುವ ಶಿಶುವಿನ ಮಿದುಳಿಗೂ ಹಾನಿಕರ. ಈ ಕೆಲಸದ ಹತ್ತಿರ ಗರ್ಭಿಣಿಯರೂ ಮಕ್ಕಳೂ ಸುಳಿಯಬಾರದು.

ಒಣಗಿದ ಗೋಡೆಗೆ ಸುಣ್ಣವೇ ಸೂಕ್ತ. ಅದು ಉಳಿದ ಅಲ್ಪಸ್ವಲ್ಪ ತೇವವನ್ನು ಹೊರಗೆ ಬಿಡುತ್ತದೆ, ತನ್ನ ಕ್ಷಾರಗುಣದಿಂದ ಬೂಸಲನ್ನೂ ತಡೆಯುತ್ತದೆ. ಎಣ್ಣೆಬಣ್ಣ ತೇವವನ್ನು ಒಳಗೇ ಬಂಧಿಸಿ, ಹಪ್ಪಳದಂತೆ ಉಬ್ಬಿ ಕಳಚುತ್ತದೆ. ಹಳೆಯ ಮಣ್ಣಿನ ಗೋಡೆಗೆ ಸಿಮೆಂಟಿನ ಗಾರೆಯೂ ಹಿತವಲ್ಲ. ನೀರು ಅದರ ಹಿಂದೆ ಮತ್ತಷ್ಟು ಮೇಲೇರುತ್ತದೆ. ಸುಣ್ಣ ಕಣ್ಣಿಗೆ ಸಿಡಿದರೆ ಕೂಡಲೇ ಶುದ್ಧ ನೀರಿನಿಂದ ಬಹಳ ಹೊತ್ತು ತೊಳೆದು ವೈದ್ಯರಲ್ಲಿಗೆ ಕರೆದೊಯ್ಯಿರಿ. ಬಳಿದ ಕೋಣೆಯನ್ನು ಪೂರ್ತಿ ಒಣಗುವವರೆಗೆ ತೆರೆದಿಟ್ಟು, ಆಮೇಲೆ ತೊಟ್ಟಿಲನ್ನು ಗೋಡೆಯಿಂದ ಒಂದು ಮೊಳ ದೂರದಲ್ಲಿ ಕಟ್ಟಿರಿ.