ಸೂರ್ಯನ ಚಿತ್ರವೂ ಗಿಳಿಯ ಚಿತ್ರವೂ

ಪಂಚನಹಳ್ಳಿಯ ಕಡೆಯಿಂದ ನಮ್ಮ ಶಾಲೆಗೆ ಬರುವ ಬಾಲಿಕೆಯರಲ್ಲಿ, ತೆನೆ ಬಲಿಯುವ ಕಾಲದಲ್ಲಿ ಹೊಲಕ್ಕಿಳಿಯುವ ಗಿಳಿಹಿಂಡನ್ನು ಕೂಗಿ ಅಟ್ಟದವರು ವಿರಳ. ಒಂದು ಮಾರ್ಚಿ ತಿಂಗಳಲ್ಲಿ ಅವರನ್ನು ಕೆಮ್ಮಣ್ಣುಗುಂಡಿಗೆ ಕರೆದೊಯ್ದೆವು. ಅಲ್ಲಿಯ ಗಿಳಿಯನ್ನು ಕಂಡೊಡನೆಯೇ ಅವರು, ಇದು ನಮ್ಮೂರ ಗಿಳಿಯಲ್ಲವೆಂದರು. ಅವರ ಮಾತು ನಿಜ. ಬಯಲುಸೀಮೆಯ ಗಿಳಿಯ ಮೈ ಹಸುರು. ಘಟ್ಟದ ಗಿಳಿಯ ತಲೆ ಎದೆಗಳು ಬೂದುಬಣ್ಣ, ರೆಕ್ಕೆ ನೀಲಿ, ಬಾಲದ ತುದಿ ಹಳದಿ. ಗಂಡಿನ ಮೇಲ್ಗೊಕ್ಕು ಕೆಂಪು, ಹೆಣ್ಣಿನದು ಕಪ್ಪು. ಪಶ್ಚಿಮ ಘಟ್ಟಗಳೇ ಈ ಪಕ್ಷಿಯ ತವರು. ಲೋಕದಲ್ಲಿ ಅದಕ್ಕೆ ಬೇರೆ ನೆಲೆಯಿಲ್ಲ.

ಒಂದು ಮರದ ಪೊಟರೆಯಲ್ಲಿ ಅದರ ಗೂಡಿತ್ತು. ಒಳ್ಳೆಯ ಚಿತ್ರ ದೊರೆಯಬೇಕೆಂಬ ಆಶೆಯಿಂದ ನಾವು ಕ್ಯಾಮರಾ ಹಿಡಿದು ತೀರ ಸಮೀಪಕ್ಕೆ ಹೋಗಿ ನಿಂತೆವು. ತಾಯಿಹಕ್ಕಿಯು ಕೊಂಬೆಯಿಂದ ಕೊಂಬೆಗೆ ಹಾರಿ ಕೂಗುತ್ತಿತ್ತೇ ಹೊರತು ಗೂಡಿಗೆ ಇಳಿಯಲಿಲ್ಲ. ಆಗ ಎಂಟನೆಯ ತರಗತಿಯ ಒಬ್ಬ ಬಾಲಿಕೆಯು ನಮ್ಮ ಸೆರಗನ್ನು ಮೆಲ್ಲನೆ ಎಳೆದು, “ಅಮ್ಮಾ, ಮರಿಗಳು ಹಸಿದಿರಬಹುದು, ಹೋಗೋಣ” ಎಂದಳು. ನಾವು ನಾಚಿ ಹಿಂದೆ ಸರಿದೆವು. ಪಾಠ ಹೇಳಬೇಕಾದವರು ಪಾಠ ಕೇಳಿದೆವು. ಚಿತ್ರವಂತೂ ಮಸುಕಾಗಿಯೇ ಬಂದಿತ್ತು.

ಚಿತ್ರಕ್ಕೆ ಬೇಕಾದ ತಾಳ್ಮೆಯು ಎಂತಹುದೆಂಬುದನ್ನು ಶಾಲೆಗೆ ಮರಳಿದ ಮೇಲೆ ಕೊಡೈಕೆನಾಲಿನ ವೇಧಶಾಲೆಯ ದೃಷ್ಟಾಂತದಿಂದ ತಿಳಿಸಿದೆವು. ಎತ್ತರದಲ್ಲಿ ಗಾಳಿಯು ತೆಳು, ಧೂಳು ಕಡಮೆ. ಆದುದರಿಂದ ಬಿಂಬವು ಸ್ಪಷ್ಟ. ಈ ಕಾರಣದಿಂದ 1899ರಲ್ಲಿ ಮದರಾಸಿನ ವೇಧಕಾರ್ಯವನ್ನು ಪಳನಿ ಬೆಟ್ಟಗಳ ಮೇಲೆ, ಸುಮಾರು 2,343 ಮೀಟರ್ ಎತ್ತರಕ್ಕೆ ಒಯ್ದರು. 1904ರಿಂದ ಅಲ್ಲಿ ಆಕಾಶವು ನಿರ್ಮಲವಾಗಿರುವ ದಿನಗಳಲ್ಲಿ ಸೂರ್ಯನ ಚಿತ್ರವನ್ನು ತೆಗೆದು, ದಿನಾಂಕವನ್ನು ಬರೆದು ಕಾಪಾಡುತ್ತ ಬಂದಿದ್ದಾರೆ. ಒಂದು ಚಿತ್ರದಲ್ಲಿ ಕಾಣುವುದು ಕೆಲವು ಕಲೆಗಳು ಮಾತ್ರ. ಅನೇಕ ವರ್ಷಗಳ ಚಿತ್ರಗಳನ್ನು ಸಾಲಾಗಿ ಇಟ್ಟರೆ ಆ ಕಲೆಗಳು ಸುಮಾರು 11 ವರ್ಷಗಳಿಗೊಮ್ಮೆ ಹೆಚ್ಚಿ ಕುಗ್ಗುವುದು ತಿಳಿಯುವುದು. ಸೂರ್ಯನ ಕಲೆಗಳಲ್ಲಿ ಅನಿಲವು ಹೊರಮುಖವಾಗಿ ಹರಿಯುವುದೆಂದು ಜಾನ್ ಎವರ್‌ಶೆಡ್‌ರವರು 1909ರಲ್ಲಿ ಕಂಡುಹಿಡಿದುದು ಇಲ್ಲಿಯೇ. ಅವರ ಪತ್ನಿ ಮೇರಿಯವರೂ ಅವರೊಡನೆ ದುಡಿದು, ಸೂರ್ಯನ ಅಂಚಿನಲ್ಲೇಳುವ ಜ್ವಾಲೆಗಳ ವಿಷಯವಾಗಿ 1917ರಲ್ಲಿ ಜಂಟಿಯಾಗಿ ಗ್ರಂಥವನ್ನು ಪ್ರಕಟಿಸಿದರೆಂಬುದನ್ನು ನಮ್ಮ ಬಾಲಿಕೆಯರು ಮರೆಯತಕ್ಕದ್ದಲ್ಲ.

ಸೂರ್ಯನನ್ನು ಯಾರೂ ಬೆದರಿಸಲಾರರು. ಗಿಳಿಯನ್ನು ಬೆದರಿಸುವುದು ಸುಲಭ. ಆದರೂ ಎರಡಕ್ಕೂ ನಿಯಮವೊಂದೇ: ದೂರದಲ್ಲಿ ನಿಲ್ಲು, ಕಾದಿರು, ದಿನಾಂಕವನ್ನೂ ಸ್ಥಳವನ್ನೂ ಬರೆದಿಡು. ಗೂಡಿನ ಬಳಿಗೆ ಹೋಗಬಾರದು. ಸೂರ್ಯನನ್ನು ಬರಿಗಣ್ಣಿನಿಂದಾಗಲಿ ಕ್ಯಾಮರಾದ ಗಾಜಿನ ಮೂಲಕವಾಗಲಿ ಎಂದಿಗೂ ನೋಡಬಾರದು, ಕಣ್ಣು ಹೋದೀತು.

ಪೋಷಕರಲ್ಲಿ ಒಂದು ಬಿನ್ನಹ: ಗಿಳಿಯನ್ನು ಪಂಜರದಲ್ಲಿಟ್ಟು ಮಕ್ಕಳಿಗೆ ತೋರಿಸಬೇಡಿರಿ. ನಮ್ಮ ದೇಶದ ಗಿಳಿಗಳನ್ನು ಹಿಡಿದು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಪರಾಧವೂ ಆಗಿದೆ. ಹಳೆಯ ವಿದ್ಯಾರ್ಥಿನಿಯರೇ, ನೀವು ಇರುವ ಊರಿನಲ್ಲಿ ಕಂಡ ಗಿಳಿಯ ಚಿತ್ರವನ್ನು ದಿನಾಂಕಸಹಿತ ನಮಗೆ ಕಳುಹಿಸಿರಿ. ಮಸುಕಾಗಿದ್ದರೂ ಚಿಂತೆಯಿಲ್ಲ. ನಮ್ಮ ಮಸುಕಾದ ಚಿತ್ರವನ್ನು ಆಲ್ಬಮ್ಮಿನ ಮೊದಲನೆಯ ಪುಟದಲ್ಲಿಯೇ ಅಂಟಿಸಿದ್ದೇವೆ.