ಕೀಲಿಮಣೆಯ ಸ್ವಿಚ್ಚು: ಆಯ್ಕೆ ಮತ್ತು ಆದೇಶ

ಗಣಕಯಂತ್ರದ ಮುಂದೆ ಕುಳಿತು ಕನ್ನಡ ಬರಹವನ್ನು ಅಣಿಗೊಳಿಸುವವರ ಗಮನವು ಪರದೆಯ ಮೇಲಿನ ಅಕ್ಷರದಲ್ಲಿರುತ್ತದೆಯೇ ಹೊರತು ಬೆರಳಿನ ಕೆಳಗಣ ಕೀಲಿಯಲ್ಲಿರುವುದಿಲ್ಲ. ಕೀಲಿ ಕೆಟ್ಟಾಗ ಮಾತ್ರ ಅದರ ನೆನಪು. ಆಗಲೂ ಇಡೀ ಕೀಲಿಮಣೆಯನ್ನು ಮೂಲೆಗೆ ಸರಿಸಿ ಹೊಸದನ್ನು ತರುವುದೇ ರೂಢಿ. ಶಾಲೆ ಕಚೇರಿಗಳಲ್ಲಿ ಕಾಣಸಿಗುವ ಅಗ್ಗದ ಕೀಲಿಮಣೆಗಳ ಮಟ್ಟಿಗೆ ಇದು ಬಹುಮಟ್ಟಿಗೆ ಅನಿವಾರ್ಯವೂ ಹೌದು. ಅವುಗಳಲ್ಲಿ ಎಲ್ಲ ಕೀಲಿಗಳ ಅಡಿಯಲ್ಲಿ ಹಾಸಿರುವುದು ಉಬ್ಬುಗಳುಳ್ಳ ಒಂದೇ ರಬ್ಬರಿನ ಹಾಳೆ. ಒಂದು ಉಬ್ಬು ಸೋತರೆ ಅದೊಂದನ್ನೇ ಕಿತ್ತು ಬೇರೆಯದನ್ನಿಡಲು ಬಾರದು. ಯಾಂತ್ರಿಕ ಕೀಲಿಮಣೆ, ಅಂದರೆ ಅಂಗಡಿಯವರು ಮೆಕ್ಯಾನಿಕಲ್ ಕೀಬೋರ್ಡ್ ಎನ್ನುವುದರ ರಚನೆ ಬೇರೆ. ಅಲ್ಲಿ ಪ್ರತಿಯೊಂದು ಕೀಲಿಗೂ ಸ್ವತಂತ್ರವಾದ ಸ್ವಿಚ್ಚುಂಟು. ಅಕ್ಷರ ಮುದ್ರಿತವಾದ ಮೇಲಿನ ಟೋಪಿಯನ್ನು ತೆಗೆದರೆ ಅದು ಕಣ್ಣಿಗೆ ಬೀಳುತ್ತದೆ.

ಈ ಸ್ವಿಚ್ಚಿನ ಒಳಗೆ ಇರುವುದು ಕೆಲವೇ ಅಂಗಗಳು: ಮೇಲೆ ಕೆಳಗೆ ಸರಿಯುವ ಪ್ಲಾಸ್ಟಿಕ್ಕಿನ ಕಾಂಡ, ಅದನ್ನು ಮೇಲಕ್ಕೆತ್ತಿ ಹಿಡಿಯುವ ಸ್ಪ್ರಿಂಗು, ಒತ್ತಿದಾಗ ಒಂದನ್ನೊಂದು ಸೋಕುವ ಎರಡು ಲೋಹದ ತಗಡುಗಳು, ಇವೆಲ್ಲವನ್ನೂ ಒಳಗೊಂಡ ಪುಟ್ಟ ಗೂಡು. ಇಂದು ಪ್ರಚಾರದಲ್ಲಿರುವ ಸ್ವಿಚ್ಚುಗಳಲ್ಲಿ ಬಹುಪಾಲಿಗೆ ಮೂಲಮಾದರಿಯೆನಿಸಿದ್ದು 1980ರ ದಶಕದ ಆದಿಯಲ್ಲಿ ಚೆರಿ ಸಂಸ್ಥೆಯು ರೂಪಿಸಿದ ಎಂಎಕ್ಸ್ ಸ್ವಿಚ್ಚು. ಅದರ ಪೇಟೆಂಟಿನ ಅವಧಿ ತೀರಿದ ತರುವಾಯ ಚೀನಾದ ಗೇಟರಾನ್, ಕೈಲ್, ಔಟೆಮು ಮೊದಲಾದ ತಯಾರಕರು ಅದೇ ಅಳತೆಗೆ ಹೊಂದುವ ಸ್ವಿಚ್ಚುಗಳನ್ನು ಹೇರಳವಾಗಿ ಮಾರುಕಟ್ಟೆಗೆ ತಂದರು, ಬೆಲೆಯೂ ಇಳಿಯಿತು. ಎಂಎಕ್ಸ್ ಮಾದರಿಯಲ್ಲಿ ಕಾಂಡದ ಪೂರ್ಣ ಚಲನೆ 4 ಮಿಲಿಮೀಟರ್. ಆದರೆ ಸುಮಾರು 2 ಮಿಲಿಮೀಟರ್ ಇಳಿದಾಗಲೇ ಅಕ್ಷರ ಮೂಡುತ್ತದೆ. ತಳ ಮುಟ್ಟುವವರೆಗೆ ಗುದ್ದುವ ಅಗತ್ಯವಿಲ್ಲ. ಹಳೆಯ ಬೆರಳಚ್ಚು ಯಂತ್ರದಲ್ಲಿ ಪಳಗಿದ ಕೈಗಳಿಗೆ ಇದನ್ನು ನಂಬುವುದು ತುಸು ಕಷ್ಟ.

ಸ್ವಿಚ್ಚುಗಳಲ್ಲಿ ಮೂರು ಜಾತಿ. ಆರಂಭದಿಂದ ತುದಿಯವರೆಗೆ ಅಡೆತಡೆಯಿಲ್ಲದೆ ಇಳಿಯುವುದು ಮೊದಲನೆಯದು. ಚೆರಿಯ ಕೆಂಪು, ಕಪ್ಪು ಸ್ವಿಚ್ಚುಗಳು ಈ ವರ್ಗದವು. ನಡುದಾರಿಯಲ್ಲಿ ಸಣ್ಣ ತಡೆಯನ್ನು ಬೆರಳಿಗೆ ತಿಳಿಸುವುದು ಎರಡನೆಯದು; ಕಂದು ಬಣ್ಣದ್ದು ಇದಕ್ಕೆ ನಿದರ್ಶನ. ಇದನ್ನು ಸ್ಪರ್ಶಸೂಚಕವೆನ್ನಬಹುದು. ವರ್ಗೀಯ ವ್ಯಂಜನಗಳಿಗೆ ವೈಯಾಕರಣರಿಟ್ಟ ಸ್ಪರ್ಶವೆಂಬ ಹೆಸರಿಗೂ ಇದಕ್ಕೂ ಸಂಬಂಧ ಕಲ್ಪಿಸಬೇಕಾಗಿಲ್ಲ. ತಡೆಯೊಡನೆ ಟಿಕ್ಕೆಂಬ ಸದ್ದನ್ನೂ ಮಾಡುವ ನೀಲಿಯದು ಮೂರನೆಯದು. ಚೆರಿಯ ಲೆಕ್ಕದಂತೆ ಕೆಂಪಿಗೆ ಸುಮಾರು 45 ಗ್ರಾಂ ಭಾರವಿಟ್ಟಷ್ಟು ಬಲ ಸಾಕು. ಕಂದಿಗೆ 55, ಕಪ್ಪಿಗೂ ನೀಲಿಗೂ 60. ಅನ್ಯ ತಯಾರಕರು ಬಣ್ಣಗಳನ್ನು ಬಹುಮಟ್ಟಿಗೆ ಅನುಸರಿಸಿದರೂ ತೂಕದಲ್ಲಿ ವ್ಯತ್ಯಾಸ ಮಾಡಿಕೊಂಡಿರುವುದರಿಂದ ಬಣ್ಣವನ್ನಷ್ಟೇ ನೋಡಿ ಕೊಳ್ಳುವುದು ಜಾಣತನವಲ್ಲ.

ಕನ್ನಡ ಬರೆಯುವವರಿಗೆ ಇಲ್ಲಿ ವಿಶೇಷವಾದ ಒಂದು ಪ್ರಶ್ನೆ ಇದೆ. ಸ್ವಿಚ್ಚಿಗೆ ಭಾಷೆಯಿಲ್ಲ, ಯಾವ ಕೀಲಿಗೆ ಯಾವ ಅಕ್ಷರವೆಂಬುದು ತಂತ್ರಾಂಶದ ನಿರ್ಣಯ. ಆದರೆ ಕೀಲಿಗಳ ಮೇಲೆ ಬೀಳುವ ಭಾರ ಭಾಷೆಯಿಂದ ಭಾಷೆಗೆ ಬೇರೆ. ಕೆ. ಪಿ. ರಾವ್ ಅವರು ರೂಪಿಸಿದ, ನುಡಿ ತಂತ್ರಾಂಶದ ಮೂಲಕ ಮನೆಮಾತಾದ ವಿನ್ಯಾಸದಲ್ಲಿ ಹಲಂತ ಚಿಹ್ನೆಯ ಸ್ಥಾನ ಇಂಗ್ಲಿಷಿನ ಎಫ್ ಕೀಲಿ. ಇನ್‌ಸ್ಕ್ರಿಪ್ಟ್ ವಿನ್ಯಾಸದಲ್ಲಿ ಡಿ ಕೀಲಿ. ಪಾಣಿನಿಯ ಪರಿಭಾಷೆಯಲ್ಲಿ ಹಲ್ ಎಂದರೆ ವ್ಯಂಜನ. ಅದು ಅಂತ್ಯದಲ್ಲುಳ್ಳದ್ದು ಹಲಂತ. ಒತ್ತಕ್ಷರವೊಂದು ಮೂಡಬೇಕಾದರೆ ಎರಡು ವ್ಯಂಜನಗಳ ನಡುವೆ ಈ ಕೀಲಿಯನ್ನು ಒತ್ತಲೇಬೇಕು. ‘ವಿದ್ಯಾರ್ಥಿ’ ಎಂಬಲ್ಲಿ ಎರಡು ಬಾರಿ, ‘ಸ್ವಾತಂತ್ರ್ಯ’ ಎಂಬ ಒಂದೇ ಪದದಲ್ಲಿ ಮೂರು ಬಾರಿ! ಕಾಗದದ ಮೇಲೆ ಕಾಣದ ಈ ದುಡಿಮೆಯೆಲ್ಲ ಎಡಗೈಯ ಒಂದು ಬೆರಳಿನದು, ಒಂದು ಸ್ವಿಚ್ಚಿನದು. ಆ ಸ್ವಿಚ್ಚು ಆಗೊಮ್ಮೆ ಈಗೊಮ್ಮೆ ತಪ್ಪಿದರೂ ಸತ್ಯವು ಸತಯವಾಗುತ್ತದೆ, ಧರ್ಮವು ಧರಮವಾಗುತ್ತದೆ. ಕರಡು ತಿದ್ದುವವರು ಅದನ್ನು ಬರೆದವರ ಅಜ್ಞಾನವೆಂದೆಣಿಸುವುದೂ ಉಂಟು.

ಆದಕಾರಣ ದಿನವಿಡೀ ಕನ್ನಡ ಬರೆಯುವವರು ಹಗುರವಾದ ಕೆಂಪನ್ನೋ ಕಂದನ್ನೋ ಆರಿಸುವುದು ಲೇಸು. ಬೆರಳನ್ನು ಕೀಲಿಯ ಮೇಲೆ ಭಾರವಾಗಿ ಊರುವ ಅಭ್ಯಾಸವುಳ್ಳವರಿಗೆ ಕೆಂಪು ತೀರ ಸಡಿಲವೆನಿಸಿ ಬೇಡದ ಅಕ್ಷರಗಳು ಮೂಡಬಹುದು. ಅಂಥವರಿಗೆ ಕಂದೇ ಸರಿ. ನೀಲಿಯ ಟಿಕ್‌ಟಿಕ್ ಒಬ್ಬರಿಗೆ ಉಲ್ಲಾಸ. ಅದೇ ಸದ್ದು ಮೂವತ್ತು ಮಕ್ಕಳ ಗಣಕ ಕೊಠಡಿಯಲ್ಲಿ ಉಪಾಧ್ಯಾಯರ ಕಂಠಕ್ಕೆ ಪೈಪೋಟಿ. ಶಾಲೆಗೆ ಕೀಲಿಮಣೆಗಳನ್ನು ದಾನವಾಗಿ ಕೊಡುವವರು ಬಣ್ಣಬಣ್ಣದ ದೀಪಗಳಿಗೆ ಮರುಳಾಗದೆ, ಸ್ವಿಚ್ಚುಗಳನ್ನು ಬೆಸುಗೆಯಿಲ್ಲದೆ ಕಿತ್ತು ಹಾಕಲು ಬರುವುದೇ ಎಂದು ಮೊದಲು ವಿಚಾರಿಸಬೇಕು. ಹಾಟ್‌ಸ್ವಾಪ್ ಎಂದು ನಮೂದಿಸಿರುವುದು ಇದನ್ನೇ.

ಬದಲಿಸುವ ಕ್ರಮ ಸುಲಭ. ವ್ಯಾಕರಣದಲ್ಲಿ ಆದೇಶವು ಶತ್ರುವಿನಂತೆ ಬಂದು ಇದ್ದುದನ್ನು ಹೊರದೂಡಿ ಅದರ ಸ್ಥಾನದಲ್ಲಿ ತಾನು ಕೂರುವುದೆನ್ನುತ್ತಾರೆ, ಇಲ್ಲಿಯೂ ಹಾಗೆಯೇ. ಮೊದಲು ಕೀಲಿಮಣೆಯ ತಂತಿಯನ್ನು ಗಣಕದಿಂದ ಬೇರ್ಪಡಿಸಬೇಕು. ಟೋಪಿಯನ್ನು ನೇರವಾಗಿ ಮೇಲೆತ್ತಿ, ಚಿಮುಟದಂಥ ಉಪಕರಣದಿಂದ ಸ್ವಿಚ್ಚಿನ ಮೇಲ್ಬದಿಯ ಮತ್ತು ಕೆಳಬದಿಯ ಕೊಂಡಿಗಳನ್ನು ಅದುಮಿ ಅಲುಗಿಸದೆ ಎಳೆಯಬೇಕು. ಹೊಸದರ ಎರಡು ಲೋಹದ ಕಾಲುಗಳು ನೆಟ್ಟಗಿವೆಯೇ ಎಂಬುದೇ ಮುಖ್ಯವಾದ ಪರೀಕ್ಷೆ. ಸೊಟ್ಟಗಿದ್ದ ಕಾಲನ್ನು ಹಾಗೆಯೇ ಒತ್ತಿದರೆ ಅದು ರಂಧ್ರಕ್ಕಿಳಿಯದೆ ಮಡಚಿಕೊಳ್ಳುತ್ತದೆ. ಹೊರಗೆ ಎಲ್ಲವೂ ಸರಿಯಾಗಿ ಕಂಡರೂ ಕೀಲಿ ಮೂಕವಾಗಿರುತ್ತದೆ. ಆತುರದವರ ಕೈಯಲ್ಲಿ ಹೆಚ್ಚಾಗಿ ನಡೆಯುವ ಪ್ರಮಾದವಿದು. ಬಲವಂತದಿಂದ ಕೆಳಗಣ ಸಾಕೆಟ್ಟೇ ಕಳಚಿಬಿದ್ದರೆ ಬೆಸುಗೆಯವನ ಮೊರೆಹೋಗದೆ ಗತ್ಯಂತರವಿಲ್ಲ.

ಕೊಳ್ಳುವಾಗ ಹೊಂದಿಕೆಯನ್ನೂ ಗಮನಿಸಬೇಕು. ಲೋಹದ ಎರಡು ಕಾಲು, ನಡುವಣ ಗೂಟ ಇವಿಷ್ಟೇ ಉಳ್ಳದ್ದು ಮೂರು ಪಿನ್ನಿನದು. ಇವುಗಳ ಜೊತೆಗೆ ಪ್ಲಾಸ್ಟಿಕ್ಕಿನ ಎರಡು ಮೊಳೆಗಳುಳ್ಳದ್ದು ಐದು ಪಿನ್ನಿನದು. ಮೂರರದು ಐದರ ಮಣೆಯಲ್ಲಿ ಕೂರುತ್ತದೆ. ಐದರದನ್ನು ಮೂರರ ಮಣೆಯಲ್ಲಿ ಕೂರಿಸಲು ಆ ಎರಡು ಮೊಳೆಗಳನ್ನು ಕತ್ತರಿಸಬೇಕು. ಬೆಳಕಿನಿಂದ ಅಥವಾ ಅಯಸ್ಕಾಂತದಿಂದ ಕೆಲಸ ಮಾಡುವ ಸ್ವಿಚ್ಚುಗಳ ಕುಲವೇ ಬೇರೆ. ಸಾಧಾರಣ ಸಾಕೆಟ್ಟಿನಲ್ಲಿ ಅವು ಉಪಯೋಗಕ್ಕೆ ಬಾರವು.

ಕೂರಿಸಿದ ಮೇಲೆ ‘ಸ್ವಾತಂತ್ರ್ಯ’ ಎಂಬ ಪದವನ್ನೇ ಹತ್ತು ಬಾರಿ ಬರೆದು ನೋಡಿದರೆ ಹಲಂತದ ಸ್ವಿಚ್ಚಿನ ಯೋಗ್ಯತೆ ತಿಳಿಯುತ್ತದೆ. ಹೊಸ ಸ್ವಿಚ್ಚು ಕೈಗೆ ಸಿಗದಿದ್ದರೂ ಕೆಲಸ ನಿಲ್ಲಬೇಕಾಗಿಲ್ಲ. ಪೂರ್ಣ ಗಾತ್ರದ ಕೀಲಿಮಣೆಯ 104 ಕೀಲಿಗಳಲ್ಲಿ ಸ್ಕ್ರೋಲ್ ಲಾಕ್ ಎಂಬುದನ್ನು ಒತ್ತುವವರೇ ವಿರಳ. ಅದರ ಅಡಿಯಲ್ಲಿ ಹೊಸತರಂತೆಯೇ ಇರುವ ಸ್ವಿಚ್ಚನ್ನು ಹಲಂತದ ಸ್ಥಾನಕ್ಕೆ ತಂದು, ದಣಿದುದನ್ನು ಸ್ಕ್ರೋಲ್ ಲಾಕಿನ ಜಾಗಕ್ಕೆ ಕಳುಹಿಸಿ, ಟೋಪಿಗಳನ್ನು ಅವುಗಳ ಹಳೆಯ ಸ್ಥಾನದಲ್ಲಿಯೇ ಮರಳಿ ಕೂರಿಸಿದರೆ ಸಾಕು.